ಆ ಪಾಟ್ ಎಷ್ಟು ಕಷ್ಟ?

ಟೀವಿಯಲ್ಲಿ ಸ್ನೂಕರ್ ನೋಡುವವರಿಗೆ ಫ್ರೇಮುಗಳ ನಡುವೆ ಬಂದುಹೋಗುವ ಒಂದು ಪಟ್ಟಿ ಚಿರಪರಿಚಿತ. ಪಾಟ್ (ಚೆಂಡನ್ನು ಪಾಕೆಟಿಗೆ ಹಾಕುವುದು) ಯಶಸ್ಸು ಇಷ್ಟು ಶೇಕಡಾ, ಲಾಂಗ್ ಪಾಟ್ ಇಷ್ಟು, ಸೇಫ್ಟಿ (ಎದುರಾಳಿಗೆ ಅವಕಾಶ ಕೊಡದ ಹೊಡೆತ) ಇಷ್ಟು. ಒಬ್ಬನದು ಶೇ. 88, ಇನ್ನೊಬ್ಬನದು ಶೇ. 89 ಎಂದಿಟ್ಟುಕೊಳ್ಳಿ. ಎರಡನೆಯವನ ಕೈ ಇವತ್ತು ಚೆನ್ನಾಗಿ ಓಡುತ್ತಿದೆ ಎಂದು ಕಾಮೆಂಟರಿಯವರು ಹೇಳಿಬಿಡುತ್ತಾರೆ. ಈಗ ಲೆಕ್ಕವನ್ನು ಬಿಡಿಸಿ ನೋಡೋಣ. ಮೊದಲನೆಯವನು 20 ದೂರದ ಪಾಟ್‌ಗಳಿಗೆ ಕೈಹಾಕಿ 12 ಹಾಕಿದ. ಹತ್ತಿರದ 80ರಲ್ಲಿ 76 ಹಾಕಿದ. ಎರಡನೆಯವನು ದೂರದ 10ಕ್ಕೆ ಮಾತ್ರ ಕೈಹಾಕಿ 5 ಹಾಕಿದ. ಹತ್ತಿರದ 90ರಲ್ಲಿ 84 ಹಾಕಿದ. ದೂರದ ಪಾಟಿನಲ್ಲಿ ಮೊದಲನೆಯವನು ಶೇ. 60, ಎರಡನೆಯವನು ಶೇ. 50. ಹತ್ತಿರದ್ದರಲ್ಲಿ ಮೊದಲನೆಯವನು ಶೇ. 95, ಎರಡನೆಯವನು ಶೇ. 93. ಎರಡರಲ್ಲೂ ಮೊದಲನೆಯವನೇ ಮುಂದೆ. ಒಟ್ಟು ಲೆಕ್ಕದಲ್ಲಿ ಮಾತ್ರ ಹಿಂದೆ. ಕಾರಣ ಇಷ್ಟೆ, ಅವನು ಕಷ್ಟದ ಹೊಡೆತಗಳನ್ನು ಹೆಚ್ಚು ಆಡಿದ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ನನ ವಿರೋಧಾಭಾಸ ಎನ್ನುತ್ತಾರೆ. ಅಂಕಿಗಳು ನಾನು ಕಟ್ಟಿದವು. ಆದರೆ ಈ ಆಟಗಳಲ್ಲಿ ಇಂಥದ್ದು ದಿನವೂ ಆಗುವಂಥದ್ದು.

ಹಾಗಾದರೆ ಕಷ್ಟವನ್ನು ಅಳೆದು, ಅದನ್ನು ಲೆಕ್ಕದೊಳಗೆ ಸೇರಿಸಿದರೆ ಆಯಿತಲ್ಲ? ತೊಡಕು ಇರುವುದೇ ಅಲ್ಲಿ. ಬಿಲ್ಲುಗಾರನಿಗೆ ಗುರಿ ಎಷ್ಟು ದೂರ ಎಂಬುದನ್ನು ಬೇರೆಯವರು ಗೊತ್ತುಮಾಡುತ್ತಾರೆ. ಬ್ಯಾಟ್ಸ್‌ಮನ್ನನ ಎದುರು ಬರುವ ಚೆಂಡು ಎದುರಾಳಿಯ ಕೈಯಿಂದ ಬರುತ್ತದೆ. ಸ್ನೂಕರ್, ಪೂಲ್, ಬಿಲಿಯರ್ಡ್ಸ್ ಆಡುವವನು ಮಾತ್ರ ತನ್ನ ಮುಂದಿನ ಹೊಡೆತದ ಕಷ್ಟವನ್ನು ತಾನೇ ಸೃಷ್ಟಿಸಿಕೊಳ್ಳುತ್ತಾನೆ. ಬಿಳಿ ಚೆಂಡನ್ನು ಎಲ್ಲಿ ನಿಲ್ಲಿಸಿದ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಿಜವಾದ ಚತುರನಿಗೆ ಕಷ್ಟದ ಪಾಟ್ ಬರುವುದೇ ಕಡಿಮೆ. ಅವನ ಆಟ ನೋಡುವವರಿಗೆ ಬೇಸರ ಬರುವಷ್ಟು ಸಲೀಸಾಗಿ ಕಾಣುತ್ತದೆ. ಈ ವಿಷಯದಲ್ಲಿ ಬಹುಕಾಲದಿಂದ ನಡೆದಿರುವ ಅಳತೆಯ ಪ್ರಯತ್ನಗಳನ್ನೆಲ್ಲ ಈ ಒಂದು ಮಾತಿನ ಮೇಲೆ ಉಜ್ಜಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಸುಲಭದ ಭಾಗ: ಒಂದೇ ಒಂದು ಹೊಡೆತ. ಬಿಳಿ ಚೆಂಡು, ಗುರಿಚೆಂಡು, ಪಾಕೆಟ್, ಮೂರೂ ನೇರ ಗೆರೆಯಲ್ಲಿವೆ ಎನ್ನಿ. ಕ್ಯೂ ಕೂದಲೆಳೆಯಷ್ಟು ಓರೆಯಾದರೂ ಆ ತಪ್ಪು ಗುರಿಚೆಂಡಿಗೆ ದಾಟುವಾಗ ಹಲವು ಪಟ್ಟು ಹಿಗ್ಗುತ್ತದೆ. ಎಷ್ಟು ಪಟ್ಟು ಎಂದರೆ, ಎರಡು ಚೆಂಡುಗಳ ನಡುವಿನ ದೂರವನ್ನು ಚೆಂಡಿನ ವ್ಯಾಸದಿಂದ ಭಾಗಿಸಿ ಒಂದು ಕಳೆದಷ್ಟು. ಸ್ನೂಕರ್ ಚೆಂಡಿನ ವ್ಯಾಸ 52.5 ಮಿಲಿಮೀಟರ್. ಒಂದೂವರೆ ಮೀಟರ್ ದೂರದಿಂದ ಹೊಡೆದರೆ ತಪ್ಪು ಸುಮಾರು 28 ಪಟ್ಟು ಬೆಳೆಯುತ್ತದೆ. ಆಮೇಲೆ ಗುರಿಚೆಂಡು ಇನ್ನೂ ಒಂದೂವರೆ ಮೀಟರ್ ಉರುಳಿ, ಸುಮಾರು 86 ಮಿ.ಮೀ. ಬಾಯಿಯ ಪಾಕೆಟ್ ಸೇರಬೇಕು. ಅಂದರೆ ಎರಡೂ ಕಡೆ ಸಿಗುವ ಆಸ್ಪದ ತಲಾ 17 ಮಿ.ಮೀ. ಹಿಂದಕ್ಕೆ ಲೆಕ್ಕ ಹಾಕಿದರೆ ಬಿಳಿ ಚೆಂಡಿನ ದಿಕ್ಕು ಒಂದು ಡಿಗ್ರಿಯ ನಲವತ್ತನೇ ಒಂದು ಭಾಗಕ್ಕಿಂತ ಹೆಚ್ಚು ಆಚೀಚೆ ಆಗುವಂತಿಲ್ಲ. ಗುರಿಚೆಂಡಿಗೆ ತಾಗುವ ಜಾಗದಲ್ಲಿ ಅದು ಬರೀ 0.6 ಮಿ.ಮೀ.

ಇದೇ ದೂರಗಳನ್ನು ಒಂಬತ್ತು ಅಡಿಯ ಪೂಲ್ ಟೇಬಲ್ ಮೇಲೆ ಇಟ್ಟು ನೋಡಿ. ಅಲ್ಲಿ ಚೆಂಡು 57.15 ಮಿ.ಮೀ., ಮೂಲೆಯ ಪಾಕೆಟ್ ನಾಲ್ಕೂವರೆ ಇಂಚು. ಆಸ್ಪದ ಎರಡೂ ಕಡೆ 28 ಮಿ.ಮೀ. ಮೀರುತ್ತದೆ, ಬಿಳಿ ಚೆಂಡಿಗೆ 1.1 ಮಿ.ಮೀ. ವರೆಗೆ ತಪ್ಪಲು ಅವಕಾಶ. ಕಾಗದದ ಮೇಲೆ ಇದು ಸ್ನೂಕರಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಸಡಿಲ. ಸ್ನೂಕರ್ ಪಾಕೆಟಿನ ಅಂಚು ದುಂಡಗಿರುತ್ತದೆ, ತುಟಿಗೆ ತಾಗಿದ ಚೆಂಡನ್ನು ಹೊರಗೆ ಉಗುಳುತ್ತದೆ. ಅದನ್ನೂ ಸೇರಿಸಿದರೆ ಅಂತರ ಇನ್ನೂ ಹೆಚ್ಚು. ಸ್ನೂಕರ್ ಟೇಬಲ್ ಹನ್ನೆರಡು ಅಡಿ ಉದ್ದ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಈ ಲೆಕ್ಕದಿಂದ ಎರಡು ಉಪಯುಕ್ತ ಸಂಗತಿ ಹೊರಡುತ್ತವೆ. ಕಷ್ಟ ಬೆಳೆಯುವುದು ಎರಡು ದೂರಗಳ ಮೊತ್ತದಂತೆ ಅಲ್ಲ, ಹೆಚ್ಚುಕಡಿಮೆ ಗುಣಲಬ್ಧದಂತೆ: ಎರಡನ್ನೂ ಅರ್ಧ ಮಾಡಿದರೆ ಪಾಟ್ ನಾಲ್ಕು ಪಟ್ಟು ಸುಲಭ. ಕೋನದ ಪಾತ್ರ ಜನ ಅಂದುಕೊಂಡಷ್ಟು ಏಕರೂಪವಲ್ಲ. ಚೆಂಡಿನ ಅರ್ಧಕ್ಕೆ ಹೊಡೆಯುವ ಮೂವತ್ತು ಡಿಗ್ರಿಯ ಕಟ್‌ನಲ್ಲಿ ತಪ್ಪು ಹಿಗ್ಗುವುದು ನೇರ ಪಾಟಿಗಿಂತ ಶೇ. 15ರಷ್ಟು ಮಾತ್ರ ಹೆಚ್ಚು, ಅರವತ್ತು ಡಿಗ್ರಿಗೆ ಹೋದರೆ ಎರಡು ಪಟ್ಟು, ಅದಾದಮೇಲೆ ಹಿಡಿಯುವವರಿಲ್ಲ. ಇನ್ನು ಪಾಕೆಟಿನ ವಿಷಯ. ಇತ್ತೀಚಿನ ವರ್ಷಗಳಲ್ಲಿ ಮ್ಯಾಚ್‌ರೂಮ್ ಸಂಸ್ಥೆ ತನ್ನ ದೊಡ್ಡ ನೈನ್‌ಬಾಲ್ ಪಂದ್ಯಾವಳಿಗಳಲ್ಲಿ ಪಾಕೆಟನ್ನು ನಾಲ್ಕು ಇಂಚಿಗೆ ಇಳಿಸಿತು. ಬಾಯಿ ಕಿರಿದಾದದ್ದು ಶೇ. 11. ಆದರೆ ಚೆಂಡಿನ ಗಾತ್ರ ಕಳೆದು ಉಳಿಯುವ ಆಸ್ಪದ ಶೇ. 22ರಷ್ಟು ಕುಸಿಯಿತು. ಅರ್ಧ ಇಂಚು ತಾನೇ ಎಂದು ಹಗುರವಾಗಿ ಮಾತಾಡಿದವರು ಚೆಂಡಿನ ವ್ಯಾಸವನ್ನು ಮರೆತಿದ್ದರು.

ಈ ಬಗೆಯ ಗಣಿತಕ್ಕೆ ದೊಡ್ಡ ವಂಶಾವಳಿ ಇದೆ. ಭೂಮಿಯ ತಿರುಗುವಿಕೆಯ ಬಲಕ್ಕೆ ಹೆಸರಾದ ಫ್ರಾನ್ಸಿನ ಕೊರಿಯೊಲಿಸ್ 1835ರಲ್ಲೇ ಬಿಲಿಯರ್ಡ್ಸ್ ಚೆಂಡಿನ ಗಣಿತದ ಮೇಲೆ ಇಡೀ ಪುಸ್ತಕ ಬರೆದ. ನಮ್ಮ ಕಾಲದಲ್ಲಿ ಅಮೆರಿಕದ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಆಲ್ಸಿಯಾಟೋರ್ ದೂರ, ಕೋನ, ವೇಗಗಳಿಗೆ ತಕ್ಕಂತೆ ಪಾಟಿನ ಆಸ್ಪದ ಹೇಗೆ ಕುಗ್ಗುತ್ತದೆ ಎಂದು ನಕ್ಷೆಗಳನ್ನೇ ತೆಗೆದಿದ್ದಾರೆ. ಒಂಟಿ ಪಾಟಿನ ಕಷ್ಟವನ್ನು ಅಳೆಯುವ ಕೆಲಸ ಮುಗಿದೇ ಹೋಗಿದೆ ಎನ್ನಬಹುದು. ಮುಗಿಯದಿರುವುದು ಪಾಟ್‌ಗಳ ಸರಣಿಯ ಕಷ್ಟ.

ಸರಣಿ ಎಂದೊಡನೆ ನೆನಪಾಗುವುದು ಸ್ನೂಕರಿನ ಗರಿಷ್ಠ ಬ್ರೇಕ್ (ತಪ್ಪದೆ ಆಡುವ ಸರಣಿ) ಆದ 147. ಹದಿನೈದು ರೆಡ್, ಪ್ರತಿ ರೆಡ್ಡಿಗೊಂದು ಬ್ಲ್ಯಾಕ್, ಕೊನೆಗೆ ಆರು ಬಣ್ಣ. ಒಟ್ಟು 36 ಪಾಟ್. ಒಬ್ಬನ ಪಾಟ್ ಯಶಸ್ಸು ಶೇ. 90 ಆಗಿದ್ದರೆ 0.9ನ್ನು 36 ಸಲ ಗುಣಿಸಬೇಕು: ಶೇ. 2.25, ಅಂದರೆ 44ಕ್ಕೊಮ್ಮೆ. ಶೇ. 95 ಆದರೆ ಆರಕ್ಕೊಮ್ಮೆ. ಶೇ. 99 ಆದರೆ ಹತ್ತರಲ್ಲಿ ಏಳು ಸಲ! ಇದು ಅಸಂಬದ್ಧವೆಂದು ಆಟ ಬಲ್ಲ ಯಾರಿಗಾದರೂ ಗೊತ್ತು. ತಪ್ಪಿದ್ದೆಲ್ಲಿ? ಎರಡು ಕಡೆ, ಅದೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ. ಶೇ. 90 ಎಂಬ ಸರಾಸರಿಯಲ್ಲಿ ಫ್ರೇಮಿನ ಆರಂಭದಲ್ಲಿ ಆಡಿದ ಹುಚ್ಚು ಲಾಂಗ್ ಪಾಟ್‌ಗಳೂ ಸೇರಿವೆ. ಬ್ರೇಕ್ ನಡುವೆ ಬರುವ ಪಾಟ್‌ಗಳು ಅದಕ್ಕಿಂತ ಬಹಳ ಸುಲಭ, ಹಾಗಾಗಿ ಗುಣಾಕಾರ ಇಲ್ಲಿ ಆಟಗಾರನಿಗೆ ಅನ್ಯಾಯ ಮಾಡುತ್ತದೆ. ಇನ್ನೊಂದು ಕಡೆ, ಪಾಟ್ ಬಿದ್ದರೆ ಸಾಲದು, ಬಿಳಿ ಚೆಂಡು ಪ್ರತಿ ಸಲ ಬ್ಲ್ಯಾಕಿಗೇ ಹೊಂದುವಂತೆ ನಿಲ್ಲಬೇಕು. ಕುಶನ್ನಿಗೆ ಅಂಟಿಕೊಂಡ ಒಂದೇ ಒಂದು ರೆಡ್ ಇಡೀ ಯೋಜನೆಯನ್ನು ಕೆಡಿಸಬಲ್ಲದು. ಇದು ಯಾವುದೂ ಶೇ. 90ರಲ್ಲಿ ಇಲ್ಲ.

147ರ ಎಣಿಕೆಯನ್ನು ಕಷ್ಟದ ಅಳತೆಗೋಲಾಗಿ ಬಳಸುವುದರಲ್ಲಿ ಇನ್ನೊಂದು ಮೋಸವಿದೆ. ಜೋ ಡೇವಿಸ್ 1955ರಲ್ಲಿ ಪ್ರದರ್ಶನ ಪಂದ್ಯದಲ್ಲಿ ಮಾಡಿದ್ದನ್ನು ಬಿಟ್ಟು, ವೃತ್ತಿಪರ ಪಂದ್ಯಾವಳಿಗಳ ಅಧಿಕೃತ ಪಟ್ಟಿ ಶುರುವಾಗುವುದು 1982ರ ಸ್ಟೀವ್ ಡೇವಿಸ್‌ನಿಂದ. ನೂರನೆಯದನ್ನು ಮಾರ್ಕ್ ಸೆಲ್ಬಿ 2013ರ ಡಿಸೆಂಬರಿನಲ್ಲಿ ಮಾಡಿದ. ಮೊದಲ ನೂರಕ್ಕೆ ಮೂವತ್ತೊಂದು ವರ್ಷ. ಮುಂದಿನ ನೂರಕ್ಕೆ ಅದರ ಅರ್ಧಕ್ಕಿಂತ ಕಡಿಮೆ. ಆಟ ಸುಲಭವಾಯಿತೇ? ಆಟಗಾರರು ಜಾಣರಾದರೇ? ಎರಡಕ್ಕೂ ಒಂದಿಷ್ಟು ಪಾಲಿರಬಹುದು. ಆದರೆ 2010ರಲ್ಲಿ ಬ್ಯಾರಿ ಹರ್ನ್ ವೃತ್ತಿಪರ ಸ್ನೂಕರಿನ ಚುಕ್ಕಾಣಿ ಹಿಡಿದ ಮೇಲೆ ಪಂದ್ಯಾವಳಿಗಳ ಸಂಖ್ಯೆಯೇ ಏರಿತು. ಆಡಿದ ಫ್ರೇಮುಗಳು ಹೆಚ್ಚಾದರೆ 147ಗಳೂ ಹೆಚ್ಚುತ್ತವೆ. ಸಾವಿರ ಫ್ರೇಮಿಗೆ ಎಷ್ಟು ಎಂದು ಕೇಳಬೇಕೇ ಹೊರತು ಒಟ್ಟು ಎಷ್ಟು ಎಂದಲ್ಲ. ಪತ್ರಿಕೆಗಳು ಮೇಲಿನ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕುತ್ತವೆ; ಛೇದವನ್ನು ಯಾರೂ ಅಚ್ಚುಹಾಕುವುದಿಲ್ಲ.

ಆಟಗಾರ ಎಷ್ಟು ಮನಸ್ಸಿಟ್ಟು ಪ್ರಯತ್ನಿಸಿದ ಎಂಬುದೂ ಈ ಎಣಿಕೆಯನ್ನು ಬದಲಿಸುತ್ತದೆ. 1997ರಲ್ಲಿ ಶೆಫೀಲ್ಡಿನ ಕ್ರೂಸಿಬಲ್‌ನಲ್ಲಿ ರಾನಿ ಒ'ಸಲಿವನ್ ಐದು ನಿಮಿಷ ಚಿಲ್ಲರೆಯಲ್ಲಿ 147 ಬಾರಿಸಿದಾಗ ಬಹುಮಾನ 1,47,000 ಪೌಂಡ್, ಅದರ ಮೇಲೆ ಅತ್ಯಧಿಕ ಬ್ರೇಕಿನ ಹಣ ಬೇರೆ. 2010ರಲ್ಲಿ ಗ್ಲಾಸ್ಗೋದಲ್ಲಿ ಅದೇ ಒ'ಸಲಿವನ್ ಬ್ರೇಕ್ ನಡುವೆಯೇ ಬಹುಮಾನ ಎಷ್ಟೆಂದು ವಿಚಾರಿಸಿ, ವಿಶೇಷ ಬಹುಮಾನ ಇಲ್ಲವೆಂದು ತಿಳಿದು, ಕೊನೆಯ ಬ್ಲ್ಯಾಕ್ ಬಿಟ್ಟು ಕೈಕುಲುಕಲು ಹೊರಟಿದ್ದ. ರೆಫರಿ ಯಾನ್ ವರ್‌ಹಾಸ್ ಹೇಳಿದ್ದಕ್ಕೆ ಹಾಕಿದ. ಆ ಒಂದು ಬ್ಲ್ಯಾಕ್ ಬೀಳದೆ ಹೋಗಿದ್ದರೆ ಪಟ್ಟಿಯಲ್ಲಿ ಒಂದು ಕಡಿಮೆಯಾಗುತ್ತಿತ್ತು. ಕಷ್ಟದಲ್ಲಿ ಒಂದಿಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ.

ಕಷ್ಟದ ಅಂಕಿಗಳು ಆಟದ ನಿಯಮಗಳನ್ನೇ ತಿದ್ದಿದ ಉದಾಹರಣೆಗಳು ಬೇಕಿದ್ದರೆ ಹಿಂದಕ್ಕೆ ಹೋಗಬೇಕು. ಪಾಕೆಟ್ ಇಲ್ಲದ ಕ್ಯಾರಮ್ ಬಿಲಿಯರ್ಡ್ಸಿನಲ್ಲಿ ತನ್ನ ಚೆಂಡಿನಿಂದ ಉಳಿದೆರಡನ್ನೂ ಮುಟ್ಟಿದರೆ ಒಂದು ಅಂಕ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಚತುರರು ಎರಡು ಚೆಂಡುಗಳನ್ನು ಕುಶನ್ ಪಕ್ಕದಲ್ಲಿ ಜೋಡಿಸಿಕೊಂಡು, ಮೆಲ್ಲಗೆ ತಟ್ಟುತ್ತ, ಅಲ್ಲಾಡಿಸುತ್ತ ಸಾಗುವ ಉಪಾಯ ಕಂಡುಕೊಂಡಿದ್ದರು. 1890ರಲ್ಲಿ ಜೇಕಬ್ ಶೇಫರ್ ಒಂದೇ ಇನಿಂಗ್ಸಿನಲ್ಲಿ 3,000 ಅಂಕ ಗಳಿಸಿದ. ಎದುರಾಳಿ ಕುರ್ಚಿಯಲ್ಲೇ ಉಳಿದ. ಈ ಕಾಟ ತಪ್ಪಿಸಲೆಂದೇ ಟೇಬಲ್ ಮೇಲೆ ಗೆರೆ ಎಳೆದು, ಗೆರೆಯೊಳಗೆ ಇಷ್ಟೇ ಅಂಕ ಎಂದು ಕಟ್ಟುಹಾಕುವ ಬಾಕ್‌ಲೈನ್ ಆಟ ಅಷ್ಟರಲ್ಲಾಗಲೇ ಹುಟ್ಟಿತ್ತು.

ಇಂಗ್ಲಿಷ್ ಬಿಲಿಯರ್ಡ್ಸಿನ ಕತೆ ಇನ್ನೂ ವಿಚಿತ್ರ. 1907ರಲ್ಲಿ ಲಂಡನ್ನಿನಲ್ಲಿ ಟಾಮ್ ರೀಸ್ ಎರಡು ಚೆಂಡುಗಳನ್ನು ಪಾಕೆಟಿನ ಬಾಯಲ್ಲಿ ಸಿಕ್ಕಿಸಿಟ್ಟುಕೊಂಡು ಕ್ಯಾನನ್ (ತನ್ನ ಚೆಂಡಿನಿಂದ ಉಳಿದೆರಡನ್ನೂ ಮುಟ್ಟುವ ಹೊಡೆತ) ಮೇಲೆ ಕ್ಯಾನನ್ ಹೊಡೆಯುತ್ತ ಒಂದು ತಿಂಗಳಿಗೂ ಮೇಲೆ ಒಂದೇ ಬ್ರೇಕ್ ಆಡಿದ: 4,99,135. ಅದೂ ಮುಗಿಯದ ಬ್ರೇಕ್! ಆ ಹೊಡೆತವನ್ನು ನಿಷೇಧಿಸಿದರು. 1932ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಾಲ್ಟರ್ ಲಿಂಡ್ರಮ್ ಅಂಥ ಉಪಾಯವಿಲ್ಲದೆ, ಚೆಂಡುಗಳನ್ನು ಹತ್ತಿರವೇ ಇಟ್ಟುಕೊಂಡು ಮೆಲ್ಲಗೆ ಹೊಡೆಯುವ ನರ್ಸರಿ ಕ್ಯಾನನ್‌ಗಳ ನೆರವಿನಿಂದ 4,137 ಮಾಡಿದ. ಎದುರಿಗೆ ಕೂತಿದ್ದವನು ಜೋ ಡೇವಿಸ್. ಮತ್ತೆ ನಿಯಮ ಬದಲಾಯಿತು. ಇಂತಿಷ್ಟು ಅಂಕಕ್ಕೊಮ್ಮೆ ಚೆಂಡು ಟೇಬಲ್ಲಿನ ಒಂದು ತುದಿಯ ಕಡೆ ಅಡ್ಡಲಾಗಿ ಎಳೆದ ಬಾಕ್ ಗೆರೆ ದಾಟಬೇಕೆಂದರು. ಈಗಿನ ಕಟ್ಟುಪಾಡಿನಲ್ಲಿ ಭಾರತದ ಗೀತ್ ಸೇಠಿ 1992ರಲ್ಲಿ 1,276 ಮಾಡಿದ್ದು, 2007ರಲ್ಲಿ ಪೀಟರ್ ಗಿಲ್‌ಕ್ರಿಸ್ಟ್ 1,346 ಮಾಡಿದ್ದು ದೊಡ್ಡ ಸಂಗತಿಯಾದದ್ದು ಹಾಗೆ. 4,99,135ರ ಪಕ್ಕದಲ್ಲಿ 1,276 ಇಟ್ಟು ಯಾವುದು ದೊಡ್ಡದೆಂದು ಕೇಳಿದರೆ ಲೆಕ್ಕ ಬರುವವನು ಮೊದಲನೆಯದೆನ್ನುತ್ತಾನೆ, ಆಟ ಬರುವವನು ಎರಡನೆಯದೆನ್ನುತ್ತಾನೆ. ನಾನು ಎರಡನೆಯವನ ಕಡೆ. ರೀಸ್‌ನ ಬ್ರೇಕಿನಲ್ಲಿ ಪ್ರತಿ ಹೊಡೆತವೂ ಹಿಂದಿನ ಹೊಡೆತದ ನಕಲು. ಒಮ್ಮೆ ಚೆಂಡು ಸಿಕ್ಕಿಸಿದ್ದಷ್ಟೇ ಕಷ್ಟ, ಉಳಿದದ್ದು ಸಹನೆ.

ಈ ಎಲ್ಲ ಆಟಗಳಲ್ಲಿ ತನ್ನ ಅಂಕಿಗೆ ಹೆಚ್ಚು ಪ್ರಾಮಾಣಿಕವಾಗಿರುವುದು ಮೂರು ಕುಶನ್ ಬಿಲಿಯರ್ಡ್ಸ್ ಎಂದು ನನಗನ್ನಿಸುತ್ತದೆ. ಎರಡನೇ ಚೆಂಡನ್ನು ಮುಟ್ಟುವ ಮುನ್ನ ಕನಿಷ್ಠ ಮೂರು ಸಲ ಕುಶನ್ ತಾಗಿರಬೇಕು. ಚೆಂಡುಗಳನ್ನು ಒಂದೆಡೆ ಕೂಡಿಹಾಕಿಕೊಂಡು ಹಾಲು ಕರೆದಂತೆ ಅಂಕ ಕರೆಯಲು ಇಲ್ಲಿ ಸಾಧ್ಯವಿಲ್ಲ. ಹಾಗಾಗಿ ಇನಿಂಗ್ಸಿಗೆ ಎಷ್ಟು ಅಂಕ ಎಂಬ ಒಂದೇ ಸರಾಸರಿ ಬಹಳಷ್ಟನ್ನು ಹೇಳಿಬಿಡುತ್ತದೆ. ಸರಾಸರಿ 1 ಎಂದರೆ ಎರಡು ಯತ್ನಕ್ಕೊಂದು ಯಶಸ್ಸು. ಕ್ಲಬ್ ಆಟಗಾರನಿಗೆ ಅದೇ ಕನಸು. ಸರಾಸರಿ 2 ಎಂದರೆ ಮೂರರಲ್ಲಿ ಎರಡು. ಇಂದಿನ ಮೇಲ್ಮಟ್ಟದವರು ಒಂದೂವರೆಯಿಂದ ಎರಡರ ಆಸುಪಾಸು ಆಡುತ್ತಾರೆ. ಈ ಮಟ್ಟಕ್ಕೆ ದಾರಿ ತೆರೆದವರು ಬೆಲ್ಜಿಯಮ್ಮಿನ ರೇಮಂಡ್ ಸೆಲೆಮಾನ್ಸ್, ಆಮೇಲೆ ಸ್ವೀಡನ್ನಿನ ಟೋರ್ಬ್ಯೋರ್ನ್ ಬ್ಲೋಮ್‌ಡಾಲ್, ಹಾಲೆಂಡಿನ ಡಿಕ್ ಯಾಸ್ಪರ್ಸ್.

ಸರಾಸರಿ ಒಂದರಿಂದ ಎರಡಕ್ಕೆ ಏರಿದರೆ ಎಷ್ಟು ಬದಲಾಗುತ್ತದೆ ಎಂದು ತಿಳಿಯಲು ಹಂಚಿಕೆಯ ಬಾಲದ ಕಡೆ, ಅಂದರೆ ಅಪರೂಪದ ದೊಡ್ಡ ಓಟಗಳ ಕಡೆ ನೋಡಬೇಕು. ಅಮೆರಿಕದ ವಿಲಿ ಹೊಪಿ 1918ರ ಪ್ರದರ್ಶನ ಪಂದ್ಯದಲ್ಲಿ ಸತತ 25 ಮಾಡಿದ. ಜಪಾನಿನ ಜುನಿಚಿ ಕೊಮೊರಿ 1990ರ ದಶಕದಲ್ಲಿ 28. ಪ್ರತಿ ಹೊಡೆತವೂ ಸ್ವತಂತ್ರವೆಂದು ಒಪ್ಪಿಕೊಂಡರೆ, ಸರಾಸರಿ 1ರ ಆಟಗಾರ ಕನಿಷ್ಠ 28ರ ಓಟ ಕಾಣಲು 26.8 ಕೋಟಿ ಇನಿಂಗ್ಸ್ ಬೇಕು. ಸರಾಸರಿ 2ರವನಿಗೆ 85 ಸಾವಿರ ಸಾಕು. ಸರಾಸರಿ ದುಪ್ಪಟ್ಟಾದರೆ ಅಪರೂಪ ಮೂರು ಸಾವಿರ ಪಟ್ಟಿಗೂ ಮೇಲೆ ಕರಗುತ್ತದೆ. ಹಳೆಯ ದಾಖಲೆಗಳನ್ನೂ ಹೊಸ ದಾಖಲೆಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವಾಗ ಈ ಕರಗುವಿಕೆ ನೆನಪಿರಬೇಕು.

ತಪ್ಪುವವರೆಗೆ ಚೆಂಡು ಹಾಕುತ್ತಲೇ ಹೋಗುವ ಅಮೆರಿಕದ ಸ್ಟ್ರೇಟ್ ಪೂಲ್‌ನಲ್ಲಿ ಅದನ್ನು ಮರೆತದ್ದರಿಂದ ಎದ್ದ ಜಗಳ ಇನ್ನೂ ಪೂರ್ತಿ ತಣ್ಣಗಾಗಿಲ್ಲ. 1954ರ ಮಾರ್ಚಿನಲ್ಲಿ ಒಹಾಯೋದ ಸ್ಪ್ರಿಂಗ್‌ಫೀಲ್ಡಿನಲ್ಲಿ ವಿಲಿ ಮಾಸ್ಕೋನಿ ತಪ್ಪದೆ 526 ಚೆಂಡು ಹಾಕಿದ. ಅರವತ್ತೈದು ವರ್ಷ ನಿಂತ ಆ ಅಂಕಿಯನ್ನು 2019ರಲ್ಲಿ ಜಾನ್ ಶ್ಮಿಟ್ 626ಕ್ಕೆ ಏರಿಸಿದ. 2022ರಲ್ಲಿ ಜೇಸನ್ ಶಾ 714 ತಲುಪಿದ. ಮಾಸ್ಕೋನಿ ಆಡಿದ್ದು ಎಂಟಡಿಯ ಟೇಬಲ್, ಉಳಿದಿಬ್ಬರದು ಒಂಬತ್ತಡಿ. ಹಾಗಾದರೆ ಹೊಸಬರದ್ದೇ ಹೆಚ್ಚು ಕಷ್ಟ ಎಂದು ಒಂದು ಪಕ್ಷ. ಮಾಸ್ಕೋನಿ ಊರೂರು ಸುತ್ತಿ ಪ್ರದರ್ಶನ ಕೊಡುತ್ತಿದ್ದ ಒಂದು ಸಂಜೆ ಅದನ್ನು ಮಾಡಿದ, ಶ್ಮಿಟ್ ದಾಖಲೆ ಮುರಿಯಲೆಂದೇ ಟೇಬಲ್ ಹಾಕಿಸಿಕೊಂಡು ದಿನಗಟ್ಟಲೆ ಯತ್ನಿಸಿದ ಎಂದು ಇನ್ನೊಂದು ಪಕ್ಷ. ಗಣಿತ ಇಬ್ಬರಿಗೂ ಕಿವಿಗೊಡುತ್ತದೆ. ನೂರಕ್ಕೊಂದು ತಪ್ಪುವವನಿಗೆ 526ರ ಓಟ ಇನ್ನೂರು ಯತ್ನಕ್ಕೊಮ್ಮೆ. ಇನ್ನೂರಕ್ಕೊಂದು ತಪ್ಪುವವನಿಗೆ ಹದಿನಾಲ್ಕು ಯತ್ನಕ್ಕೊಮ್ಮೆ. ನೂರಕ್ಕೊಂದು ತಪ್ಪುವವನೇ 626 ಮಾಡಬೇಕೆಂದರೆ 540 ಯತ್ನ. ಟೇಬಲ್ಲಿನ ಗಾತ್ರ, ಪಾಕೆಟಿನ ಅಗಲ ಬದಲಿಸುವುದು ತಪ್ಪಿನ ಪ್ರಮಾಣವನ್ನು. ಪಟ್ಟು ಹಿಡಿದು ಕೂರುವುದು ಬದಲಿಸುವುದು ಯತ್ನಗಳ ಸಂಖ್ಯೆಯನ್ನು. ಎರಡರಲ್ಲಿ ಯಾವುದನ್ನು ನಿರ್ಲಕ್ಷಿಸಿದರೂ ಹೋಲಿಕೆ ಸುಳ್ಳಾಗುತ್ತದೆ. ಅತಿ ದೊಡ್ಡ ಓಟ ಎಂಬುದು ಆಟಗಾರನ ಅಳತೆ ಎಷ್ಟೋ ಅಷ್ಟೇ ಅವನ ಬಿಡುವಿನ ವೇಳೆಯ ಅಳತೆಯೂ ಹೌದು.

ಪೂಲ್ ಜಗತ್ತು ಇದಕ್ಕಿಂತ ಸೂಕ್ಷ್ಮವಾದ ಲೆಕ್ಕವನ್ನೂ ಮಾಡಿದೆ. ವೃತ್ತಿಪರ ಆಟಗಾರ ಪ್ಯಾಟ್ ಫ್ಲೆಮಿಂಗ್ 1980ರ ದಶಕದಲ್ಲಿ ಶುರುಮಾಡಿದ ಅಕ್ಯುಸ್ಟ್ಯಾಟ್ಸ್ ಪದ್ಧತಿಯಲ್ಲಿ, ಹಾಕಿದ ಚೆಂಡುಗಳನ್ನು ಹಾಕಿದ ಚೆಂಡು ಮತ್ತು ತಪ್ಪುಗಳ ಮೊತ್ತದಿಂದ ಭಾಗಿಸುತ್ತಾರೆ. ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿಯಂತೆ .900 ಎಂದು ಬರೆಯುತ್ತಾರೆ. ಅದು ವಿಶ್ವಮಟ್ಟದ ಆಟ. ಇದರ ಹೆಚ್ಚುಗಾರಿಕೆ ಇರುವುದು ತಪ್ಪು ಎಂದರೆ ಏನು ಎಂಬುದರಲ್ಲಿ. ಪಾಟ್ ತಪ್ಪಿದರೆ ಮಾತ್ರವಲ್ಲ, ಬಿಳಿ ಚೆಂಡು ಕೆಟ್ಟ ಜಾಗದಲ್ಲಿ ನಿಂತರೂ ತಪ್ಪು, ಸೇಫ್ಟಿ ಕೈಕೊಟ್ಟರೂ ತಪ್ಪು. ಟೀವಿಯ ಪಾಟ್ ಯಶಸ್ಸಿಗಿಂತ ಇದು ಎಷ್ಟೋ ಮೇಲು. ಕುಂದು ಒಂದೇ: ಬಿಳಿ ಚೆಂಡು ಕೆಟ್ಟ ಜಾಗದಲ್ಲಿ ನಿಂತಿತೇ ಇಲ್ಲವೇ ಎಂದು ತೀರ್ಮಾನಿಸುವುದು ಪಕ್ಕದಲ್ಲಿ ಕೂತ ಒಬ್ಬ ಮನುಷ್ಯನ ಕಣ್ಣು.

ಹೊಡೆತಗಳನ್ನೇ ಬಿಟ್ಟು ಗೆಲುವು ಸೋಲುಗಳನ್ನಷ್ಟೇ ನೋಡುವ ದಾರಿಯೂ ಇದೆ. ಅಮೆರಿಕದ ಫಾರ್ಗೋ ಪಟ್ಟಣದ ಹೆಸರು ಹೊತ್ತ, ಮೈಕ್ ಪೇಜ್ ರೂಪಿಸಿದ ಫಾರ್ಗೋರೇಟ್ ಇಂದು ಪೂಲ್‌ನ ವ್ಯಾಪಕ ಬಳಕೆಯ ರೇಟಿಂಗ್. ಚೆಸ್ಸಿನ ಎಲೋ ಪದ್ಧತಿಯ ದಾಯಾದಿ ಇದು. ಇಬ್ಬರ ನಡುವೆ ನೂರು ಅಂಕದ ಅಂತರವಿದ್ದರೆ ಮೇಲಿನವನು ಮೂರರಲ್ಲಿ ಎರಡು ಗೇಮ್ ಗೆಲ್ಲುತ್ತಾನೆ ಎಂಬುದು ಇದರ ಮೂಲಸೂತ್ರ. ಮೊದಲು ಮೂರು ಗೆದ್ದವನಿಗೆ ಪಂದ್ಯ ಎಂದರೆ ಅವನು ಗೆಲ್ಲುವ ಸಂಭವ ಶೇ. 79, ಐದಕ್ಕೆ ಶೇ. 86, ಒಂಬತ್ತಕ್ಕೆ ಶೇ. 92. ಅಂತರ ಬರೀ 20 ಅಂಕವಿದ್ದರೆ ಒಂಬತ್ತರ ಪಂದ್ಯದಲ್ಲೂ ಶೇ. 61 ಮಾತ್ರ. ನೈನ್‌ಬಾಲ್‌ನಲ್ಲಿ ಅದೃಷ್ಟದ ಪಾತ್ರ ಜಾಸ್ತಿ ಎಂದು ಸ್ನೂಕರ್ ಮಂದಿ ಮೂಗು ಮುರಿಯುವುದುಂಟು. ಆದರೆ ವಿಶ್ವ ಸ್ನೂಕರ್ ಫೈನಲ್ ಮೊದಲು 18 ಫ್ರೇಮ್ ಗೆದ್ದವನದು. ಯಾವ ಆಟವನ್ನಾದರೂ ಅಷ್ಟು ಉದ್ದ ಎಳೆದರೆ ಅದೃಷ್ಟ ಸೋಸಿಹೋಗುತ್ತದೆ. ಹೋಲಿಸಬೇಕಾದದ್ದು ಆಟವನ್ನಲ್ಲ, ಉತ್ತಮನು ಶೇ. 90 ಸಲ ಗೆಲ್ಲಲು ಪಂದ್ಯ ಎಷ್ಟು ಉದ್ದವಿರಬೇಕು ಎಂಬುದನ್ನು. ಆರು ರೆಡ್‌ನ ಸ್ನೂಕರನ್ನು ಹೀಗೆ ಪರೀಕ್ಷಿಸಿದರೆ ಚೆನ್ನ. ಗರಿಷ್ಠ ಬ್ರೇಕ್ 75, ಬರೀ 18 ಪಾಟ್. ಅದೇ ಶೇ. 90ರ ಗುಣಾಕಾರದಲ್ಲಿ ಸಂಭವ 2.25ರಿಂದ 15ಕ್ಕೆ ಜಿಗಿಯುತ್ತದೆ.

ರೇಟಿಂಗಿನ ಮಿತಿಯೂ ಸ್ಪಷ್ಟ: ಯಾರು ಮೇಲೆಂದು ಹೇಳುತ್ತದೆ, ಯಾಕೆಂದು ಹೇಳುವುದಿಲ್ಲ. ಕಷ್ಟವನ್ನು ಹೊಡೆತದ ಮಟ್ಟದಲ್ಲೂ ಸರಣಿಯ ಮಟ್ಟದಲ್ಲೂ ಒಟ್ಟಿಗೆ ಹಿಡಿದವರು, ವಿಚಿತ್ರವೆಂದರೆ, ಕ್ಯೂ ಹಿಡಿಯದವರು. 2005ರಿಂದ ಕಂಪ್ಯೂಟರ್ ಒಲಿಂಪಿಯಾಡ್‌ನಲ್ಲಿ ತಂತ್ರಾಂಶಗಳ ನಡುವೆ ಎಯ್ಟ್‌ಬಾಲ್ ಪಂದ್ಯ ನಡೆಯಿತು. ಆಲ್ಬರ್ಟಾ ವಿಶ್ವವಿದ್ಯಾಲಯದ ಪಿಕ್‌ಪಾಕೆಟ್ ಮೊದಲು ಗೆದ್ದಿತು. 2008ರಲ್ಲಿ ಸ್ಟ್ಯಾನ್‌ಫರ್ಡಿನ ಕ್ಯೂಕಾರ್ಡ್. ಕಂಪ್ಯೂಟರಿಗೆ ಕೈ ನಡುಗುವುದಿಲ್ಲವಾದ್ದರಿಂದ ಸಂಘಟಕರು ನಡುಕವನ್ನು ಹೊರಗಿನಿಂದ ಬೆರೆಸಿದರು. ಹೊಡೆತದ ದಿಕ್ಕು, ವೇಗ, ಕ್ಯೂವಿನ ಎತ್ತರ, ಬಿಳಿ ಚೆಂಡಿನ ಮೇಲೆ ತಾಗುವ ಬಿಂದು, ಎಲ್ಲಕ್ಕೂ ಯಾದೃಚ್ಛಿಕ ತಪ್ಪು ಸೇರುತ್ತಿತ್ತು. ತಂತ್ರಾಂಶ ಒಂದೊಂದು ಹೊಡೆತವನ್ನೂ ಮನಸ್ಸಿನೊಳಗೆ ಎಷ್ಟೋ ಸಲ ಆಡಿ ನೋಡಿ, ಎಷ್ಟು ಸಲ ಬಿತ್ತು, ಬಿದ್ದಮೇಲೆ ಎಂಥ ಟೇಬಲ್ ಉಳಿಯಿತು ಎಂದು ಎಣಿಸುತ್ತಿತ್ತು. ದೂರ, ಕೋನಗಳಿಗೆ ತಕ್ಕ ಯಶಸ್ಸಿನ ಕೋಷ್ಟಕವನ್ನು ಪಿಕ್‌ಪಾಕೆಟ್ ಮೊದಲೇ ಸಿದ್ಧಪಡಿಸಿಕೊಂಡಿತ್ತು.

ಇಲ್ಲಿ ಕಷ್ಟಕ್ಕೆ ಕೊನೆಗೂ ಸರಿಯಾದ ವ್ಯಾಖ್ಯೆ ಸಿಕ್ಕಿತು ಎಂದು ನನ್ನ ಎಣಿಕೆ. ಕಷ್ಟ ಟೇಬಲ್ ಮೇಲೆ ಇಲ್ಲ; ಟೇಬಲ್ಲಿನ ಸ್ಥಿತಿ ಮತ್ತು ಆಡುವವನ ಕೈತಪ್ಪಿನ ಪ್ರಮಾಣ ಇವೆರಡರ ನಡುವಿನ ಸಂಬಂಧದಲ್ಲಿದೆ. ಅದೇ ಪಾಟ್ ಒಬ್ಬನಿಗೆ ಶೇ. 95, ಮತ್ತೊಬ್ಬನಿಗೆ ಶೇ. 40. ಅದರಿಂದಾಚೆಗೆ, ಪಾಟ್ ಬಿದ್ದ ನಂತರ ಉಳಿಯುವ ಟೇಬಲ್ಲಿನ ಬೆಲೆಯೂ ಅವನವನಿಗೆ ಬೇರೆ. ಗಾಲ್ಫ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಮಾಡಿದ್ದು ಹೆಚ್ಚುಕಡಿಮೆ ಇದೇ. ಪ್ರತಿ ಹೊಡೆತಕ್ಕೆ ಮುನ್ನ ಮತ್ತು ನಂತರ ಸಾಮಾನ್ಯ ವೃತ್ತಿಪರನಿಗೆ ಇನ್ನೆಷ್ಟು ಹೊಡೆತ ಬೇಕು ಎಂದು ಅಂದಾಜಿಸಿ, ವ್ಯತ್ಯಾಸವನ್ನು ಆಟಗಾರನ ಖಾತೆಗೆ ಹಾಕುವುದು. ಪಿಜಿಎ ಟೂರ್ ಅದನ್ನು 2011ರಲ್ಲಿ ಪಟ್ಟಿಂಗಿಗೆ ಅಧಿಕೃತವಾಗಿ ಒಪ್ಪಿಕೊಂಡಿತು. ಸ್ನೂಕರಿಗೆ ಇದನ್ನು ತಂದರೆ ಲಾಂಗ್ ಪಾಟ್ ಹಾಕಿದವನಿಗೆ ಚಪ್ಪಾಳೆಯ ಜತೆ ಅಂಕವೂ ಸಿಗುತ್ತದೆ. ಅವನು ಲಾಂಗ್ ಪಾಟ್ ಆಡಬೇಕಾದ ಸ್ಥಿತಿ ಬಂದದ್ದು ತನ್ನದೇ ಹಿಂದಿನ ಹೊಡೆತದಿಂದಾದರೆ ಆ ಹೊಡೆತಕ್ಕೆ ಕಡಿತವೂ ಸಿಗುತ್ತದೆ. ಸೇಫ್ಟಿಗೂ ಹೀಗೆ ಬೆಲೆ ಕಟ್ಟಬಹುದು: ಎದುರಾಳಿಗೆ ಎಷ್ಟು ಕಷ್ಟ ಒಪ್ಪಿಸಿದ ಎಂದು.

ಕಷ್ಟದ ಜತೆಗೆ ಒತ್ತಡವನ್ನೂ ಅಳೆಯುವ ಮಾತು ಆಗಾಗ ಬರುತ್ತದೆ. ನಿರ್ಣಾಯಕ ಫ್ರೇಮಿನಲ್ಲಿ ಪಾಟ್ ಯಶಸ್ಸು ಕುಸಿಯಿತು ಎಂದು ತೋರಿಸಿದರೆ ಸಾಲದು, ನಿರ್ಣಾಯಕ ಫ್ರೇಮಿನಲ್ಲಿ ಬಿಳಿ ಚೆಂಡು ಎಲ್ಲಿ ನಿಲ್ಲುತ್ತಿತ್ತು ಎಂಬುದೂ ಬೇಕು. ಆ ದತ್ತಾಂಶ ಇಲ್ಲದೆ ಆ ಚರ್ಚೆ ಹರಟೆಯೇ.

ಕರ್ನಾಟಕದ ಓದುಗರಿಗೆ ಒಂದು ಸಹಜ ಪ್ರಯೋಗ ಕಣ್ಣೆದುರಿಗೇ ನಡೆದಿದೆ. ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಗರಡಿಯಲ್ಲಿ ಬೆಳೆದ ಪಂಕಜ್ ಅಡ್ವಾಣಿ ಸ್ನೂಕರ್, ಬಿಲಿಯರ್ಡ್ಸ್ ಎರಡರಲ್ಲೂ ವಿಶ್ವ ಚಾಂಪಿಯನ್. 2024ರ ನವೆಂಬರಿನಲ್ಲಿ ದೋಹಾದಲ್ಲಿ ಗೆದ್ದದ್ದು 28ನೇ ವಿಶ್ವ ಪ್ರಶಸ್ತಿ. ಬಿಲಿಯರ್ಡ್ಸಿನಲ್ಲೇ ಎರಡು ಬಗೆ ಇವೆ: 150 ಅಂಕಕ್ಕೆ ಮುಗಿಯುವ ಚಿಕ್ಕ ಗೇಮ್‌ಗಳದ್ದು, ಮತ್ತು ಗಂಟೆಗಳ ಲೆಕ್ಕದಲ್ಲಿ ನಡೆಯುವ ಇನ್ನೊಂದು. ಮೊದಲನೆಯದರಲ್ಲಿ ಎದುರಾಳಿ ಒಂದೇ ಸಲಕ್ಕೆ 150 ಬಾರಿಸಿದರೆ ಗೇಮ್ ಮುಗಿಯಿತು. ಎರಡನೆಯದರಲ್ಲಿ ದೊಡ್ಡ ಬ್ರೇಕಿನ ತಾಳ್ಮೆಗೆ ಬೆಲೆ. ಅಡ್ವಾಣಿ 2005ರಲ್ಲಿ ಮಾಲ್ಟಾದಲ್ಲಿ, 2008ರಲ್ಲಿ ಬೆಂಗಳೂರಿನಲ್ಲೇ ಎರಡನ್ನೂ ಒಟ್ಟಿಗೆ ಗೆದ್ದ. ಒಂದೇ ಕೈ, ಒಂದೇ ಟೇಬಲ್, ಬೇರೆ ಬೇರೆ ನಿಯಮ. ಯಾವ ಬಗೆಯಲ್ಲಿ ಅವನ ಹೊಡೆತಗಳು ನಿಜಕ್ಕೂ ಕಷ್ಟದ್ದಾಗಿದ್ದವು ಎಂದು ಅಂಕಪಟ್ಟಿ ನೋಡಿ ಹೇಳಲಾಗದು. ಅದರಲ್ಲಿರುವುದು ಬ್ರೇಕುಗಳ ಮೊತ್ತ ಮಾತ್ರ. ಹೊಡೆತದ ಕಷ್ಟವನ್ನು ತಿಳಿಯಲು ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಟೇಬಲ್ ಮೇಲೆ ದೀಪದ ಪಕ್ಕ ಒಂದು ಕ್ಯಾಮೆರಾ, ಅದಿಲ್ಲದಿದ್ದರೆ ಅಂಕ ಬರೆಯುವವನ ಪುಸ್ತಕದಲ್ಲಿ ಇನ್ನೊಂದು ಅಂಕಣ: ಪ್ರತಿ ಹೊಡೆತದ ನಂತರ ಬಿಳಿ ಚೆಂಡು ಟೇಬಲ್ಲಿನ ಯಾವ ಚೌಕದಲ್ಲಿ ನಿಂತಿತು. ಉದ್ದಕ್ಕೆ ಎಂಟು, ಅಡ್ಡಕ್ಕೆ ನಾಲ್ಕು ಚೌಕ ಮಾಡಿಕೊಂಡರೂ ಶುರುಮಾಡಲು ಸಾಕು.